ಬಿಳಿ ಕಣಗಿಲೆ, ಕೆಂಪು ಕಣಗಿಲೆ

ಕೊಯಮತ್ತೂರಿನ ಆ ಪಂಪಿನ ಕಾರ್ಖಾನೆಯಲ್ಲಿ ತಿಂಗಳ ವರದಿ ಪಾವಾಯಿಯ ಕೈಯಿಂದಲೇ ಹೊರಡಬೇಕು. ಯಾವ ಡೀಲರ್ ಎಷ್ಟು ಮಾಲು ಎತ್ತಿದ, ಯಾವ ಪಂಪು ಸುಟ್ಟು ವಾಪಸು ಬಂತು, ಎಲ್ಲವನ್ನೂ ಅಂದವಾಗಿ ಪುಟಕ್ಕೆ ಇಳಿಸುವ ಕೆಲಸ. ಅದಕ್ಕೆ ಅವಳು ಬಳಸುತ್ತಿದ್ದದ್ದು ಇಂಟರ್ನೆಟ್ಟಿನಲ್ಲಿ ಬಿಟ್ಟಿಯಾಗಿ ಸಿಗುವ, ಯಾರು ಬೇಕಾದರೂ ಬಿಚ್ಚಿ ತಿದ್ದಿಕೊಳ್ಳಬಹುದಾದ ಓಪನ್ ಸೋರ್ಸ್ ಸಾಫ್ಟ್‌ವೇರ್. ಬಿಟ್ಟಿ ಅಂತ ಹೆಸರಿಗೆ ಮಾತ್ರ. ಅದರ ಬೆಲೆಯನ್ನು ಪಾವಾಯಿ ತನ್ನ ಕಣ್ಣು, ಕುತ್ತಿಗೆಗಳಲ್ಲಿ ಕಟ್ಟುತ್ತಿದ್ದಳು.

ಚೆನ್ನೈನಿಂದ ಹೊಸದಾಗಿ ಬಂದ ಲೆಕ್ಕಪತ್ರದ ಮುಖ್ಯಸ್ಥ ಸೌಮ್ಯನಾರಾಯಣನ್‌ಗೆ ಇದು ಹಿಡಿಸಲಿಲ್ಲ. ದೊಡ್ಡ ಕಂಪನಿಗಳು ಬಳಸುವ ಸಾಫ್ಟ್‌ವೇರನ್ನು ದುಡ್ಡು ಕೊಟ್ಟು ತರಿಸೋಣ, ವರದಿಯ ವಿನ್ಯಾಸವನ್ನು ಮಾರುವವರ ಹುಡುಗರೇ ಮಾಡಿಕೊಡುತ್ತಾರೆ ಎಂದು ಪಟ್ಟು ಹಿಡಿದ. ಹಾಗಾದರೆ ಪಾವಾಯಿ? ಗೋದಾಮಿನ ಬಾಗಿಲಲ್ಲಿ ಲಾರಿಗಳ ಚೀಟಿ ನೋಡಲು ಒಬ್ಬರು ಬೇಕಾಗಿತ್ತಂತೆ. ಯಜಮಾನ ಚೆನ್ನಿಯಪ್ಪ ಗೌಂಡರ್ ಎರಡೂ ಕಡೆಗೆ ತಲೆಯಾಡಿಸಿ, ಎರಡನ್ನೂ ಹೋಲಿಸಿ ಯಾವುದು ಮೇಲು ಅಂತ ನೀನೇ ಬರೆದು ಕೊಡು ಎಂದು ಪಾವಾಯಿಗೇ ಹೇಳಿದರು. ಕುರಿಯ ಕೈಗೇ ಕತ್ತಿ ಕೊಟ್ಟು ಹರಿತ ನೋಡು ಅಂದ ಹಾಗಿತ್ತು.

ಅವಳು ಬೇಸರವನ್ನೂ ಪಡಲಿಲ್ಲ, ಭಯವನ್ನೂ ಪಡಲಿಲ್ಲ. ಗಂಡ ಹೋದ ಮೇಲೆ ಅವಳಿಗೆ ಎಲ್ಲವೂ ಗಾಜಿನ ಆಚೆ ನಡೆದಂತೆ ಕಾಣುತ್ತಿತ್ತು. ಒಂದೇ ತಿಂಗಳ ಮಾಹಿತಿಯನ್ನು ಎರಡರಲ್ಲೂ ಹಾಕಿ ವರದಿ ತೆಗೆದಳು. ತನ್ನದರಲ್ಲಿ ಡೀಲರನ ಹೆಸರು ಉದ್ದವಾದರೆ ಪಕ್ಕದ ಅಂಕಣ ಪುಟದಾಚೆ ಜಾರುತ್ತಿತ್ತು, ಪ್ರತಿ ಸಲ ಕೈಯಿಂದಲೇ ಸರಿಮಾಡಬೇಕು. ಕೆಟ್ಟರೆ ಕೇಳಲು ಯಾರೂ ಇಲ್ಲ. ಇಂಟರ್ನೆಟ್ಟಿನಲ್ಲಿ ಪ್ರಶ್ನೆ ಹಾಕಿ, ಯಾವುದೋ ದೇಶದ ಪುಣ್ಯಾತ್ಮ ಉತ್ತರ ಕೊಡುವವರೆಗೆ ಕಾಯಬೇಕು. ಹೊಸದರಲ್ಲಿ ಮೌಸಿನಿಂದ ಎಳೆದು ಕೂರಿಸಿದರೆ ಕೂತಲ್ಲೇ ಕೂರುತ್ತಿತ್ತು, ಗೌಂಡರ ಫೋನಿನಲ್ಲೂ ನೆಟ್ಟಗೆ ತೆರೆಯುತ್ತಿತ್ತು. ಆದರೆ ವರ್ಷ ವರ್ಷವೂ ಕಪ್ಪ ಕಟ್ಟಬೇಕು, ನಿಲ್ಲಿಸಿದರೆ ಹಳೆಯ ವರದಿಯೂ ಬಾಗಿಲು ತೆರೆಯುವುದಿಲ್ಲ. ಇದನ್ನೆಲ್ಲ ಬರೆದು, ಕೊನೆಗೆ ಯಾರೂ ಕೇಳದಿದ್ದ ಒಂದು ಮಾತನ್ನೂ ಸೇರಿಸಿದಳು: ಈಗಿನದು ಪಾವಾಯಿಗೆ ಬಿಟ್ಟರೆ ಇಡೀ ಕಾರ್ಖಾನೆಯಲ್ಲಿ ಯಾರಿಗೂ ಬರುವುದಿಲ್ಲ, ಅವಳು ಮಲಗಿದರೆ ವರದಿಯೂ ಮಲಗುತ್ತದೆ; ಹೊಸದನ್ನೇ ಕೊಳ್ಳುವುದು ಮೇಲು.

ಆ ಹಾಳೆಗಳು ಗೌಂಡರ ಮೇಜಿನ ಮೇಲೆ ಕಾಫಿ ಲೋಟದ ಕೆಳಗೆ ಬಿದ್ದಿದ್ದವು. ಸಹಿಗೆ ಅಂತ ಹೋದಾಗಲೆಲ್ಲ ಪಾವಾಯಿ ನೋಡುತ್ತಿದ್ದಳು. ಮೇಲಿನ ಹಾಳೆಯಲ್ಲಿ ಲೋಟದ ಉಂಗುರಗಳು ಹೆಚ್ಚುತ್ತಿದ್ದವೇ ಹೊರತು ಯಾರೂ ಮಗುಚಿದಂತೆ ಕಾಣಲಿಲ್ಲ. ಕೊನೆಗೆ ಗೌಂಡರ್ ಇಬ್ಬರನ್ನೂ ಕರೆದು, ಶುಕ್ರವಾರ ಬೆಟ್ಟದ ಮುರುಗನ ಹತ್ತಿರ ಹೂ ಕೇಳೋಣ ಅಂದರು. ಅವರ ಮನೆತನದಲ್ಲಿ ಹೆಣ್ಣು ತರುವುದಕ್ಕೂ ಬಾವಿ ತೋಡುವುದಕ್ಕೂ ಹೂ ಕೇಳದೆ ಹೆಜ್ಜೆ ಇಟ್ಟವರಿಲ್ಲ.

ಬಿಳಿ ಕಣಗಿಲೆ ಬಂದರೆ ಹಳೆಯದು, ಕೆಂಪು ಬಂದರೆ ಹೊಸದು. ಬಣ್ಣ ಕಾಣದಂತೆ ಹೂಗಳನ್ನು ಎಲೆಯಲ್ಲಿ ಸುತ್ತಿ ಪೊಟ್ಟಣ ಕಟ್ಟುವುದು ಗೌಂಡರ ಹೆಂಡತಿಯ ಕೆಲಸ; ಮಂಡಿನೋವು ಅಂತ ಆಯಮ್ಮ ಆ ಶುಕ್ರವಾರ ಬೆಟ್ಟ ಹತ್ತದೆ ಕೆಳಗೇ ಉಳಿದಿದ್ದರು. ಗೌಂಡರ್ ಬುಟ್ಟಿಯನ್ನು ಪಾವಾಯಿಯ ಕೈಗಿಟ್ಟು, ಆ ಕಡೆ ತಿರುಗಿ ಕಟ್ಟು, ಒಂದರಲ್ಲಿ ಬಿಳಿ, ಒಂದರಲ್ಲಿ ಕೆಂಪು ಅಂದರು.

ಅವಳು ಕಂಬದ ಮರೆಗೆ ಹೋಗಿ ಕೂತಳು. ಹಾಳೆಯ ಮೇಲಿನ ಉಂಗುರಗಳು ನೆನಪಾದವು. ಓದಲಿಲ್ಲವಲ್ಲ, ಒಬ್ಬರೂ ಓದಲಿಲ್ಲ. ತಾನು ನೋಡಿ, ಅಳೆದು, ಸರಿ ಅಂತ ಬರೆದದ್ದನ್ನು ಬಿಟ್ಟು ಇವರು ಹೂವಿನ ಬಾಯಿ ನೋಡಲು ಬಂದಿದ್ದಾರೆ. ಸಿಟ್ಟು ಬಂದಿದ್ದರೆ ಚೆನ್ನಾಗಿತ್ತು, ಅದೂ ಬರಲಿಲ್ಲ. ಬಾಳೆ ಎಲೆಯ ತುಂಡು ಎತ್ತಿಕೊಂಡು ಕೆಂಪು ಹೂವಿಟ್ಟು ನಾರು ಸುತ್ತಿದಳು. ಇನ್ನೊಂದರಲ್ಲೂ ಕೆಂಪನ್ನೇ ಇಟ್ಟಳು. ಬಿಳಿಯ ಹೂವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದಳು.

ಪೂಜಾರಿ ಪೊಟ್ಟಣಗಳನ್ನು ದೇವರ ಪಾದದಲ್ಲಿ ಉರುಳಿಸಿ ತಂದು ತಟ್ಟೆಯಲ್ಲಿಟ್ಟರು.

"ಚೆನ್ನೈ ಸಾರ್, ದಿನಾ ಮೌಸ್ ಮೇಲಿಡೋ ಕೈನ ಇವತ್ತು ಇಲ್ಲಿ ಇಡಿ," ಎಂದರು ಗೌಂಡರ್.

ಸೌಮ್ಯನಾರಾಯಣನ್ ಕಣ್ಣು ಮುಚ್ಚಿ ಒಂದನ್ನು ಎತ್ತಿದ. ಪೂಜಾರಿ ನಾರು ಬಿಚ್ಚಿದರು. ಕೆಂಪು. ಆರಿಸದೆ ಉಳಿದ ಪೊಟ್ಟಣವನ್ನು ಬಿಚ್ಚುವ ಪದ್ಧತಿ ಇಲ್ಲ, ಹಾಗೇ ಗುಡಿಯ ಹೊರಗಿನ ಮರದ ಬುಡದಲ್ಲಿಟ್ಟು ಬರಬೇಕು. ಗೌಂಡರ್ ಅದನ್ನು ತಾವೇ ಎತ್ತಿಕೊಂಡರು. ಸೌಮ್ಯನಾರಾಯಣನ್ ಅಷ್ಟರಲ್ಲಾಗಲೇ ಫೋನು ಹಿಡಿದು ಮಾರುವವರ ಜೊತೆ ಮಾತಾಡುತ್ತ ಮೆಟ್ಟಿಲಿಳಿಯುತ್ತಿದ್ದ.

ಗೌಂಡರ್ ಹಿಂದುಳಿದರು. ಪಾವಾಯಿಯೂ ನಿಂತಳು.

"ನೀನು ಬರೆದಿದ್ದು ಓದ್ದೆ ಕಣಮ್ಮ. ಅದೇ ದಿನ ಓದ್ದೆ, ಮತ್ತೆ ಮನೆಯವಳ ಹತ್ರ ಓದಿಸ್ಕೊಂಡೂ ಕೇಳ್ದೆ. ನಿನ್ನ ಗುಂಡಿ ನೀನೇ ತೋಡ್ಕೊಂಡಿದ್ದೆ ಅದ್ರಲ್ಲಿ. ಒಪ್ಕೊಂಡ್ರೆ ನಿನ್ನ ಆ ಕುರ್ಚಿಯಿಂದ ಎಬ್ಬಿಸ್ಬೇಕು. ಒಪ್ಪಲ್ಲ ಅನ್ನೋಕೆ ನೀನು ಒಂದು ಸಂದೂನೂ ಬಿಟ್ಟಿರ್ಲಿಲ್ಲ."

ಪಾವಾಯಿ ಸೆರಗನ್ನು ಸೊಂಟದ ಹೂವಿನ ಮೇಲೆ ಎಳೆದುಕೊಂಡಳು.

"ದೇವ್ರೇ ಬಿಳಿ ಅಂದ್ಬಿಟ್ರೆ ಆ ಚೆನ್ನೈಯವನು ಕಮಕ್ ಕಿಮಕ್ ಅನ್ನಲ್ಲ ಅಂತ ಇಲ್ಲಿಗೆ ಕರ್ಕೊಂಡು ಬಂದೆ. ಒಳಗೆ ನಿಂತು ಬಿಳಿ ಬರ್ಲಪ್ಪಾ ಅಂತ ಬೇಡ್ಕೊಂಡೆ ಕೂಡ." ಕೈಯಲ್ಲಿದ್ದ ಪೊಟ್ಟಣವನ್ನು ಒಮ್ಮೆ ತೂಗಿ ನೋಡಿದರು. "ಇದ್ರಲ್ಲಿತ್ತು ನೋಡು. ಪಕ್ಕದಲ್ಲೇ ಇತ್ತು."

ಅದನ್ನು ಕಣ್ಣಿಗೊತ್ತಿಕೊಂಡು ಮರದ ಬುಡದಲ್ಲಿ ಇಟ್ಟರು.

"ಹೂಂ," ಎಂದಳು ಪಾವಾಯಿ.