ಹನ್ನೊಂದು ಸಿನಿಮಾದ ಅಳು

“ಅದನ್ನ ನಿಲ್ಲಿಸಿ ಮಾವ, ಅದು ಅಮ್ಮನ ದನಿ ಅಲ್ಲ” ಎನ್ನುತ್ತಾ ಮಗಳು ಸೋದರಮಾವನ ಕೈಯಿಂದ ಹಳೇ ಸಿನಿಮಾ ಓಡುತ್ತಿದ್ದ ಮೊಬೈಲು ಕಿತ್ತುಕೊಂಡಳು.

ನಡುಮನೆಯಲ್ಲಿ ಕೂತಿದ್ದವರೆಲ್ಲ ತಿರುಗಿ ನೋಡಿದರು. ಹೆಣದ ಪಕ್ಕದಲ್ಲೇ ಜಗಳವೇ?

“ನಂಗೊತ್ತಿಲ್ವೇನೇ? ನನ್ನ ತಂಗಿ ಅವಳು” ಎಂದರು ಮಾವ. “ಆದ್ರೆ ಜನ ಬಂದಿರೋದು ಪುಟ್ಟಿನ ನೋಡೋಕೆ. ಅವರಿಗೆ ಆ ದನಿಯೇ ಬೇಕು.”

ಅದೂ ನಿಜವೇ. ಬಂದವರಲ್ಲಿ ಅರ್ಧಕ್ಕರ್ಧ ಜನ ಮಗಳಿಗೆ ಗುರುತಿಲ್ಲ. ಅವರು ಅಳುತ್ತಿದ್ದದ್ದು ಅಮ್ಮ ಚಿಕ್ಕವಳಿದ್ದಾಗ ಆಡಿದ್ದ ಸಿನಿಮಾದ ಎರಡು ಜಡೆಯ ಪುಟ್ಟಿಗಾಗಿ. ಮೂವತ್ತು ವರ್ಷ ಹಲ್ಲಿನ ಡಾಕ್ಟರ ಬಾಗಿಲಲ್ಲಿ ಕೂತು “ಮುಂದಿನವರು ಬನ್ನಿ” ಎಂದು ಕರೆದ ಹೆಂಗಸಿಗಾಗಿ ಅಲ್ಲ. ಆ ಹೆಂಗಸು ಸಿನಿಮಾದ ಮಾತೆತ್ತಿದರೆ ಬಾಯಿಗೆ ಬೀಗ ಹಾಕಿಕೊಳ್ಳುತ್ತಿದ್ದಳು. ಅತ್ತದ್ದನ್ನಂತೂ ಮಗಳು ಕಂಡೇ ಇಲ್ಲ, ಗಂಡ ಸತ್ತಾಗಲೂ. ಈಗ ಯಾರಿಗಾಗಿ ಅಳಬೇಕೋ ತಿಳಿಯದೆ ಮಗಳ ತಲೆ ಕೆಟ್ಟುಹೋಗಿತ್ತು.

“ಆ ದನಿ ನಂದು ಕಣಮ್ಮಾ” ಎಂದರು ಬಾಗಿಲಲ್ಲಿ ನಿಂತಿದ್ದ ನರೆಗೂದಲಿನ ಹೆಂಗಸು. ಎಪ್ಪತ್ತರ ಬಾಯಲ್ಲಿ ಪುಟ್ಟಿಯ ದನಿ! ಮಾವ ಕೂತಲ್ಲೇ ಬೆಚ್ಚಿಬಿದ್ದರು. “ಹನ್ನೊಂದು ಸಿನಿಮಾಕ್ಕೂ ಮಾತಾಡಿದೋಳು ನಾನೇ. ಬೇಜಾರು ಮಾಡ್ಕೋಬೇಡ.”

“ಬೇಜಾರಿಲ್ಲ. ಒಂದೇ ಒಂದು ಹೇಳಿ. ಜಡೆ ಚೌರಿ, ಮುಖಕ್ಕೆ ಬಣ್ಣ, ದನಿ ನಿಮ್ಮದು. ಅದ್ರಲ್ಲಿ ನಮ್ಮಮ್ಮಂದು ಅಂತ ಏನಾದ್ರೂ ಇದೆಯಾ? ನಂಗೆ ಅಷ್ಟು ಸಾಕು.”

ಆಕೆ ಹೆಣದ ಮುಖ ನೋಡಿದರು. “ಇದೆ. ಅಳು.”

*

ಅರವತ್ತು ವರ್ಷದ ಹಿಂದೆ, ಪುಟ್ಟಿಗೆ ದನಿ ಕೊಡಲು ರೆಕಾರ್ಡಿಂಗ್ ಕೋಣೆಯಲ್ಲಿ ಹತ್ತು ವರ್ಷದ ಹುಡುಗಿ ಸ್ಟೂಲು ಹತ್ತಿ ಮೈಕಿನ ಮುಂದೆ ನಿಂತಿದ್ದಳು. ಮಾತೆಲ್ಲ ಸರಾಗವಾಗಿ ಬಂತು, ಅಳು ಮಾತ್ರ ಸುತರಾಂ ಬರಲೊಲ್ಲದು. ರೇಗಿದ ನಿರ್ದೇಶಕರು ಅವಳನ್ನಿಳಿಸಿ, ಮೂಲೆಯಲ್ಲಿ ಪೆನ್ಸಿಲು ಕಚ್ಚುತ್ತಿದ್ದ ಆರು ವರ್ಷದ ಪುಟ್ಟಿಯನ್ನು ಹತ್ತಿಸಿದರು. ಪುಟ್ಟಿಯ ತಾಯಿಗೆ ಸನ್ನೆ ಮಾಡಿದರು. ತಾಯಿ ಎದ್ದು ಹೋಗಿ ಬಾಗಿಲ ಹಿಂದೆ ಅವಿತರು.

“ನಿಮ್ಮಮ್ಮ ನಿನ್ನ ಬಿಟ್ಟು ಹೋದ್ರಲ್ಲೇ ಪುಟ್ಟಿ. ಇನ್ನು ಬರಲ್ವಂತೆ” ಎಂದರು ನಿರ್ದೇಶಕರು.

ಟೇಪು ಮುಗಿಯುವ ತನಕ ಮಗು ಅತ್ತಿತು. ತಾಯಿಗೆ ಕೇಳಿಸುತ್ತಿತ್ತು. ಕೆಲಸ ಕೆಡಬಾರದೆಂದು ನಿಂತಲ್ಲಿಂದ ಅಲುಗಲಿಲ್ಲ.

*

“ಎಷ್ಟು ಚೆನ್ನಾಗಿ ಬಂತು ಅಂದ್ರೆ, ಆಮೇಲೆ ಎಲ್ಲ ಸಿನಿಮಾಕ್ಕೂ ಅದೇ ಟೇಪು ಹಾಕಿದ್ರು” ಎಂದರು ಆಕೆ. “ಪುಟ್ಟಿ ಎಲ್ಲಿ ಅತ್ರೂ ಅದು ಅವತ್ತಿನ ಅಳುವೇ. ಅವಳನ್ನ ಮತ್ತೆ ಅಳಿಸೋ ಅಗತ್ಯಾನೇ ಬೀಳ್ಲಿಲ್ಲ.”

“ಅಯ್ಯೋ ದೇವರೇ” ಎಂದರು ಮಾವ. “ಅದನ್ನ ಕೇಳಿ ನಾವೆಲ್ಲ ಚಪ್ಪಾಳೆ ಹೊಡೀತಿದ್ವಲ್ಲೇ!”

ಮಗಳು ಮೊಬೈಲಿನಲ್ಲಿ ಆ ಅಳುವನ್ನು ಹುಡುಕಿದಳು. ಸಿಕ್ಕಿತು. ಮಾತಿಲ್ಲ ಕತೆಯಿಲ್ಲ, ಬರೀ ಬಿಕ್ಕು. ಅಳುತ್ತಿದ್ದವರೆಲ್ಲ ಅಳು ನಿಲ್ಲಿಸಿ ಮೊಬೈಲಿನತ್ತ ಬಾಗಿದರು.

ಹೆಣದ ಗಾಡಿಯವನು ಒಳಗೆ ಇಣುಕಿದ. “ಹೊತ್ತಾಯ್ತು, ಎತ್ತೋಣ್ವಾ?”

“ಒಂದು ನಿಮಿಷ ಇರಪ್ಪಾ, ಮಗು ಅಳ್ತಿದೆ” ಎಂದಳು ಮಗಳು. ಮೊಬೈಲನ್ನು ಹೆಗಲಿಗೆ ಹಾಕಿಕೊಂಡು, “ಇಲ್ಲೇ ಇದ್ದೀನಿ ಕಣೇ, ಎಲ್ಲೂ ಹೋಗಿಲ್ಲ” ಎನ್ನುತ್ತಾ ಅದರ ಬೆನ್ನು ತಟ್ಟತೊಡಗಿದಳು.