ಕುರಿನಾಯಿ ಸಾಕಿದ ದರ್ಜಿ

ಚಳಿ ಶುರುವಾಗಿತ್ತು. ಊರಿನವರಿಗೆಲ್ಲ ಒಮ್ಮೆಗೇ ಹಳೆಯ ಕೋಟುಗಳ ನೆನಪಾಗಿ, ದರ್ಜಿಯ ಅಂಗಡಿಯಲ್ಲಿ ಹರಿದ ಅಸ್ತರು, ಸವೆದ ಮೊಣಕೈ, ಬಿಚ್ಚಿಕೊಂಡ ಕಾಲರುಗಳ ರಾಶಿ ಬಿದ್ದಿತ್ತು. ಬೆಳಗಿನಿಂದ ಅವನ ಕಾಲು ಮಷಿನ್ನಿನ ಪೆಡಲಿನ ಮೇಲಿತ್ತು, ಕಣ್ಣು ಮಾತ್ರ ಕಿಟಕಿಯಾಚೆ. ಅಂಗಡಿಯೆಂದರೆ ಮನೆಯ ಮುಂದಿನ ಕೋಣೆ. ಕಿಟಕಿಯಾಚೆ ಅಂಗಳ, ಅಂಗಳದ ಆ ಬದಿಗೆ ತಮ್ಮನ ಮನೆ, ಅವನ ಕುರಿದೊಡ್ಡಿ.

ತಮ್ಮ ಕುರಿಗಳನ್ನು ಗುಡ್ಡಕ್ಕೆ ಹೊರಡಿಸುತ್ತಿದ್ದ. ನಿಜ ಹೇಳಬೇಕೆಂದರೆ ಹೊರಡಿಸುತ್ತಿದ್ದುದು ಅವನ ನಾಯಿ ಬಿಳಿಗಾಲಿ. ಅವನು ದೊಡ್ಡಿಯ ಬಾಗಿಲು ತೆಗೆದು ಒಂದು ಸಣ್ಣ ಶಿಳ್ಳೆ ಹಾಕಿದರೆ ಸಾಕು, ಅದು ನೆಲಕ್ಕೆ ಹೊಟ್ಟೆ ತಾಗಿಸಿ ಬಳಸಿ ಓಡಿ, ಚೆಲ್ಲಾಪಿಲ್ಲಿಯಾದ ಮಂದೆಯನ್ನು ಒಟ್ಟುಮಾಡಿ ದಾರಿಗೆ ಹಚ್ಚುತ್ತಿತ್ತು. ಆಮೇಲೆ ತಿರುಗಿ ತಮ್ಮನ ಮುಖ ನೋಡುತ್ತಿತ್ತು, ಇನ್ನೇನಪ್ಪ ಎನ್ನುವ ಹಾಗೆ.

ದರ್ಜಿಗೆ ತಡೆಯಲಾಗದ್ದು ಆ ನೋಟ. ಇಷ್ಟು ವರ್ಷ ಊರವರ ಮೈಗೆಲ್ಲ ಬಟ್ಟೆ ಹೊಲಿದಿದ್ದ. ತೊಟ್ಟವರೆಲ್ಲ ಕನ್ನಡಿ ನೋಡಿಕೊಂಡರೇ ಹೊರತು ಅವನ ಮುಖವನ್ನು ಯಾರೂ ಹಾಗೆ ನೋಡಿರಲಿಲ್ಲ.

ಹೆಂಡತಿ ಮೂಳೆಯ ಚೂರು ಹಿಡಿದು ಅಂಗಳ ದಾಟುತ್ತಿದ್ದಳು.

"ನನ್ನ ತಟ್ಟೆಗೆ ಬಾರದ ಮೂಳೆ ಆ ನಾಯಿ ಬಾಯಿಗೆ ಹೋಗುತ್ತೆ," ಎಂದ.

"ನೀವು ಕುರಿ ಕಾಯ್ತೀನಿ ಅನ್ನಿ, ನಿಮಗೇ ಹಾಕ್ತೀನಿ," ಎಂದಳು ಅವಳು, ನಡಿಗೆ ನಿಲ್ಲಿಸದೆ.

ಬಿಳಿಗಾಲಿ ಹಾಕಿದ್ದ ಮರಿಗಳು ಆಗಷ್ಟೇ ಹಾಲು ಬಿಟ್ಟಿದ್ದವು. ಒಂದು ಸಂಜೆ ದರ್ಜಿ ದೊಡ್ಡಿಗೆ ಹೋಗಿ ನಿಂತ.

"ಒಂದು ಮರಿ ನನಗೆ ಬೇಕು."

"ಕೊಡೋಕೇನಣ್ಣ," ಎಂದ ತಮ್ಮ, ಹುಲ್ಲು ಕೊಡವುತ್ತ. "ಆದ್ರೆ ಈ ಜಾತಿ ನಿನಗೆ ಒಗ್ಗಲ್ಲ. ಇವಕ್ಕೆ ದಿನಾ ಗುಡ್ಡ ಹತ್ತಿ ಇಳೀಬೇಕು. ನೀನು ಕೂತ್ರೆ ಏಳೋನಲ್ಲ. ಬೇಕರಿಯವರ ಮನೇಲಿ ಆ ಗಿಡ್ಡಕಾಲಿನ ನಾಯಿ ಮರಿ ಹಾಕಿದೆ ನೋಡು. ಸುಮ್ಮನೆ ಕಾಲ ಹತ್ರ ಬಿದ್ಕೊಂಡಿರುತ್ತೆ, ಚಳಿಗೆ ಬೆಚ್ಚಗೂ ಆಗುತ್ತೆ."

"ಅಂದ್ರೆ ನನ್ನ ಯೋಗ್ಯತೆಗೆ ಗಿಡ್ಡಕಾಲಿಂದೇ ಸಾಕು ಅಂತ."

"ಯೋಗ್ಯತೆ ಅಲ್ಲಣ್ಣ, ಅಳತೆ. ಪಕ್ಕದವರ ಕೋಟು ನೋಡ್ಕೊಂಡು ಬಟ್ಟೆ ತರಬೇಡಿ, ನಿಮ್ಮ ಭುಜ ನೋಡ್ಕೊಳ್ಳಿ ಅಂತ ಗಿರಾಕಿಗಳಿಗೆ ನೀನೇ ಹೇಳ್ತಿರ್ತೀಯಲ್ಲ."

ಮಾತು ನಾಟಿತು, ಆದರೆ ನಾಟಬೇಕಾದ ಕಡೆಯಲ್ಲಲ್ಲ. "ಬಿಟ್ಟಿ ಬೇಡ ನನಗೆ. ಉಣ್ಣೆಬಟ್ಟೆಯ ಕೋಟು ಹೊಲಿದು ಕೊಡ್ತೀನಿ, ಚಳಿ ಏರೋದ್ರೊಳಗೆ," ಎಂದ.

ಮನೆ ಪಾಲಾದಂದಿನಿಂದ ಅಂಗಳ ದಾಟಿ ಬಂದ ವಸ್ತುವಿಗೆ ಬದಲಾಗಿ ಇನ್ನೊಂದು ದಾಟಿ ಹೋಗಬೇಕೆಂಬುದು ಅಣ್ಣತಮ್ಮಂದಿರು ಮಾಡಿಕೊಂಡ ಕಟ್ಟಳೆ. ಹೆಂಗಸರು ಅದನ್ನು ಕಿವಿಗೇ ಹಾಕಿಕೊಂಡಿರಲಿಲ್ಲ. ತಮ್ಮನ ಮೈಮೇಲಿದ್ದದ್ದು ಅಪ್ಪನ ಕಾಲದ ಕೋಟು, ತೂತಿನಲ್ಲಿ ಮೊಣಕೈ ಇಣುಕುತ್ತಿತ್ತು. ಹಾಗಾಗಿ ಅವನು ಮಾತು ಬೆಳೆಸದೆ, ಎಲ್ಲಕ್ಕಿಂತ ಚುರುಕಾದ ಮರಿಯನ್ನೇ ಎತ್ತಿ ಕೊಟ್ಟ.

ದರ್ಜಿ ಅಂದೇ ಕೋಟಿಗೆ ಬಟ್ಟೆ ಕತ್ತರಿಸಿ ಮೇಜಿನ ಕೆಳಗಿಟ್ಟ. ಮರಿ ಅದರ ಮೇಲೇ ಹಾಸಿಗೆ ಮಾಡಿಕೊಂಡಿತು. ಹೊಲಿಯಬೇಕೆಂದು ಎಷ್ಟೋ ಸಲ ಬಗ್ಗಿದ. ಅಷ್ಟರಲ್ಲಿ ಕಿಟಕಿಯಾಚೆ ಶಿಳ್ಳೆ ಕೇಳಿಸುತ್ತಿತ್ತು, ಬಿಳಿಗಾಲಿ ತಮ್ಮನ ಮುಖ ನೋಡುತ್ತಿತ್ತು. ಅಂಥ ನಾಯಿಯೂ ಅವನಿಗೇ, ಹೊಸ ಕೋಟೂ ಅವನಿಗೇ ಅನ್ನಿಸಿ, ಬಟ್ಟೆಯನ್ನು ಇನ್ನಷ್ಟು ಒಳಕ್ಕೆ ತಳ್ಳುತ್ತಿದ್ದ.

ಮರಿ ಬೆಳೆಯಿತು. ಬೆಳೆದಂತೆ ಕೋಣೆ ಅದಕ್ಕೆ ಸಾಲದಾಯಿತು. ಕುರಿ ಸಿಗದಿದ್ದಕ್ಕೆ ಗಿರಾಕಿಗಳನ್ನೇ ಕಾಯತೊಡಗಿತು. ಅಳತೆಗೆ ಬಂದವರ ಹಿಮ್ಮಡಿಗೆ ಮೂತಿ ತಿವಿದು ತಿವಿದು, ಎಲ್ಲರನ್ನೂ ಇಸ್ತ್ರಿಮೇಜಿನ ಮೂಲೆಗೆ ಒತ್ತಿ ನಿಲ್ಲಿಸುತ್ತಿತ್ತು.

"ಟೈಲರೇ, ನಾನು ಅಂಗಡಿಗೆ ಬಂದಿದ್ದೀನೋ ದೊಡ್ಡಿಗೆ ಬಂದಿದ್ದೀನೋ?" ಎಂದು ಆಸ್ಪತ್ರೆಯ ನರ್ಸಮ್ಮ ಮೂಲೆಯಿಂದಲೇ ಕೇಳಿದರು. ಅವರ ಪಕ್ಕದಲ್ಲಿ ಪೋಸ್ಟ್‌ಮ್ಯಾನು ಚೀಲ ಅವಚಿಕೊಂಡು ನಿಂತಿದ್ದ.

ಕಟ್ಟಿಹಾಕಿದರೆ ಮಷಿನ್ನಿನ ಬೆಲ್ಟು ಅಗಿಯುತ್ತಿತ್ತು. ದರ್ಜಿ ಶಿಳ್ಳೆ ಕಲಿತ. ಅವನ ಶಿಳ್ಳೆಗೆ ನಾಯಿ ಕಿವಿ ನಿಮಿರಿಸಿ ಕಿಟಕಿಯತ್ತ ನೋಡುತ್ತಿತ್ತು. ಅವನು ಕೂಡ ಕಿಟಕಿಯತ್ತಲೇ ನೋಡುತ್ತಿದ್ದ. ಇಬ್ಬರೂ ಒಂದೇ ಕಡೆ ನೋಡುತ್ತ ದಿನ ಕಳೆಯುತ್ತಿದ್ದರು.

ಚಳಿ ಮುಗಿಯುತ್ತ ಬಂದ ಒಂದು ಬೆಳಿಗ್ಗೆ ನಾಯಿ ಕಡಿದು ಬಿಟ್ಟ ಹಗ್ಗದ ತುಂಡಷ್ಟೇ ಉಳಿದಿತ್ತು. ಎಲ್ಲಿಗೆ ಹೋಗಿರಬಹುದೆಂದು ಯಾರೂ ಹೇಳಬೇಕಾಗಿರಲಿಲ್ಲ. ದರ್ಜಿ ಅಳತೆಯ ಟೇಪನ್ನು ಕೊರಳಿನಿಂದ ತೆಗೆಯುವುದನ್ನೂ ಮರೆತು, ಏದುಸಿರು ಬಿಡುತ್ತ ಗುಡ್ಡ ಹತ್ತಿದ.

ಕುರಿಗಳು ಕೊರಕಲಿನ ಅಂಚಿಗೆ ಚದುರಿದ್ದವು. ತಮ್ಮ ಶಿಳ್ಳೆ ಹಾಕಿದ. ಒಂದು ಬದಿಯಿಂದ ಬಿಳಿಗಾಲಿ, ಇನ್ನೊಂದು ಬದಿಯಿಂದ, ಯಾರೂ ಕಲಿಸದ ದರ್ಜಿಯ ನಾಯಿ, ನೆಲಕ್ಕೆ ಹೊಟ್ಟೆ ತಾಗಿಸಿ ಬಳಸಿ ಬಂದವು. ಮಂದೆ ಒಂದಾಯಿತು. ಆಗ ದರ್ಜಿಯ ನಾಯಿ ತಿರುಗಿ ನಿಂತು, ನಾಲಗೆ ಇಳಿಬಿಟ್ಟು, ತಮ್ಮನ ಮುಖ ನೋಡಿತು.

ದರ್ಜಿ ಕೊರಳಿನ ಟೇಪನ್ನು ಎಳೆದು ಜೇಬಿಗೆ ತುರುಕಿದ.

"ನಾನು ಕರೀಲಿಲ್ಲಣ್ಣ, ಅದೇ ಬಂತು," ಎಂದ ತಮ್ಮ. "ತಗೋ ಹಗ್ಗ, ಕಟ್ಕೊಂಡು ಹೋಗು."

ದರ್ಜಿ ಹಗ್ಗ ಹಿಡಿದು ಎರಡು ಹೆಜ್ಜೆ ಮುಂದಿಟ್ಟ. ನಾಯಿ ಅವನನ್ನು ಕಂಡು ಬಾಲವಾಡಿಸಿತು. ಹಗ್ಗ ಕಂಡು ಬಾಲ ಇಳಿಸಿತು.

"ಇಲ್ಲೇ ಇರಲಿ ಬಿಡು," ಎಂದ ಕೊನೆಗೆ.

"ಹಾಗಾದ್ರೆ ಕೋಟಿನ ಮಾತೂ ಬಿಟ್ಟುಬಿಡು. ಮರಿ ವಾಪಸ್ ಬಂತಲ್ಲ."

ಅದು ನಾಯಿ ಹೋದದ್ದಕ್ಕಿಂತ ಹೆಚ್ಚು ಉರಿಯಿತು. ನಾಯಿಯೂ ಅವನದೇ, ದೊಡ್ಡತನವೂ ಅವನದೇ. ಗಾಳಿಗೆ ತಮ್ಮನ ಮೊಣಕೈ ತೂತಿನಲ್ಲಿ ಕೆಂಪಗಾಗಿತ್ತು.

"ಅದು ಹೇಗೆ ಬಿಡ್ತೀನಿ? ಮಾತು ಮಾತೇ," ಎಂದು ಹೇಳಿ ಇಳಿದು ಬಂದ.

ಅಂದು ಬೇರೆ ಯಾವ ಬಟ್ಟೆಯನ್ನೂ ಮುಟ್ಟಲಿಲ್ಲ. ಮೇಜಿನ ಕೆಳಗಿನ ಬಟ್ಟೆಯ ತುಂಬ ನಾಯಿಯ ಕೂದಲು. ಬ್ರಷ್ ಎತ್ತಿಕೊಂಡವನು ಅರ್ಧಕ್ಕೇ ನಿಲ್ಲಿಸಿದ. ಹೊರಮೈ ಮಾತ್ರ ಉಜ್ಜಿದ. ಒಳಮೈಯ ಕೂದಲನ್ನು ಹಾಗೇ ಬಿಟ್ಟು ಅಸ್ತರು ಹಚ್ಚಿ ಹೊಲಿದ.

ಮರುದಿನ ಬೆಳಿಗ್ಗೆ ತಮ್ಮ ಕೋಟು ತೊಟ್ಟು ದೊಡ್ಡಿಯ ಬಾಗಿಲಲ್ಲಿ ನಿಂತ. "ಚಳಿ ಹೋದ ಮೇಲೆ ಕೊಟ್ಯಲ್ಲಣ್ಣ," ಎಂದು ನಕ್ಕ, ಆದರೂ ಬಿಚ್ಚಲಿಲ್ಲ. ನಾಯಿ ಅವನ ಬಳಿಗೆ ಬಂದು ಕೋಟಿನ ಅಂಚು ಮೂಸಿತು. ಮತ್ತೆ ಮತ್ತೆ ಮೂಸಿತು. ಆಮೇಲೆ ತಲೆಯೆತ್ತಿ ಅಂಗಳದಾಚೆ, ಕಿಟಕಿಯೊಳಗೆ ಕುಳಿತಿದ್ದ ದರ್ಜಿಯ ಮುಖ ನೋಡಿತು.

ಶಿಳ್ಳೆ ಬಿತ್ತು. ನಾಯಿ ಓಡಿತು.

"ಅಂತೂ ಬಾಕಿ ತೀರಿಸಿದ್ರಿ," ಎಂದಳು ಹೆಂಡತಿ, ಹಿಂದೆ ನಿಂತು. "ಬೇಕರಿಯವರ ಗಿಡ್ಡಕಾಲಿ ಮತ್ತೆ ಮರಿ ಹಾಕುತ್ತಂತೆ."

ದರ್ಜಿ ಪೆಡಲನ್ನು ಇನ್ನೂ ಜೋರಾಗಿ ತುಳಿದ.