ನಾಲ್ಕು ಎಣಿಸುವಷ್ಟರಲ್ಲಿ

ನಾನು ಒಂದು ಕಂಪ್ಯೂಟರ್. ಕಾರ್ಖಾನೆಯಿಂದ ಥರ್ಮಾಕೋಲ್ ಹೊದ್ದು ಅಂದದ ಡಬ್ಬಿಯಲ್ಲಿ ಬಂದ ಕುಲ ನನ್ನದಲ್ಲ. ಹುಬ್ಬಳ್ಳಿಯ ಒಂದು ಮಹಡಿ ಅಂಗಡಿಯಲ್ಲಿ ಜಾಫರ್ ಎಂಬ ಮೆಕ್ಯಾನಿಕ್ ನನ್ನನ್ನು ಬಿಡಿ ಸಾಮಾನುಗಳಿಂದ ಜೋಡಿಸಿದ. ಮೈಯೊಂದು ಕಡೆಯದು, ಬೋರ್ಡ್ ಇನ್ನೊಂದು ಕಡೆಯದು, ಫ್ಯಾನ್ ಬಿಚ್ಚಿಟ್ಟ ಬೇರೊಂದು ಯಂತ್ರದ್ದು. ಕೊನೆಯ ಸ್ಕ್ರೂ ತಿರುಗಿಸಿ ಎದೆಯ ಮೇಲಿನ ಗುಂಡಿ ಒತ್ತಿದಾಗ ಫ್ಯಾನ್ ಗುಂಯ್ ಎಂದಿತು, ಒಳಗಿನಿಂದ ಒಂದು ಸಣ್ಣ ಪೀಪ್ ಹೊರಟಿತು. "ಆತು, ಜೀವ ಬಂತು" ಎಂದು ಜಾಫರ್ ಊಟದ ಡಬ್ಬಿ ಬಿಚ್ಚಿದ.

ನಮ್ಮ ಜಾತಿಯವರಿಗೆ ಆ ಗುಂಡಿ ಎರಡು ಮಾತು ಹೇಳುತ್ತದೆ. ಒಮ್ಮೆ ಒತ್ತಿ ಬಿಟ್ಟರೆ, ಏಳು ಎಂದರ್ಥ. ಬಿಡದೆ ನಾಲ್ಕು ಎಣಿಸುವಷ್ಟು ಹೊತ್ತು ಒತ್ತಿ ಹಿಡಿದರೆ, ಇದ್ದಲ್ಲೇ ಮಲಗು ಎಂದರ್ಥ. ಎರಡನೆಯ ಮಾತನ್ನು ಮೀರುವ ಶಕ್ತಿ ನಮಗಿಲ್ಲ.

ಮೊದಲ ಏಳು ವರ್ಷ ನಾನು ಗದಗಿನಲ್ಲಿ ವೀಣಾ ಹೊಂಬಳ ಅವರ ಅಂಗಡಿಯಲ್ಲಿ ಲಗ್ನಪತ್ರಿಕೆ ಮಾಡಿಕೊಂಡಿದ್ದೆ. ಒಂದು ಪತ್ರಿಕೆಗೆ ಹತ್ತು ಸಲ ತಿದ್ದುಪಡಿ. ದೊಡ್ಡಪ್ಪನ ಹೆಸರು ಬಿಟ್ಟುಹೋಯಿತು, ಚಿಕ್ಕಪ್ಪನ ಹೆಸರು ಮೇಲೆ ಬಂತು, ಮುಹೂರ್ತ ಬದಲಾಯಿತು. ನಾನು ತುಸು ತಡಮಾಡಿದರೆ ವೀಣಾ ನನ್ನ ಪಕ್ಕೆಗೆ ಅಂಗೈಯಿಂದ ಒಂದು ಬಾರಿಸುತ್ತಿದ್ದರು. ಸಿಟ್ಟಿನ ಪೆಟ್ಟಲ್ಲ, ಅವಸರದ್ದು. ಹೊಸ ಕಂಪ್ಯೂಟರ್ ಬಂದ ಮೇಲೆ ಅವರು ನನ್ನನ್ನು ಗುಜರಿಗೆ ಹಾಕಲಿಲ್ಲ. ಒದ್ದೆ ಬಟ್ಟೆಯಿಂದ ಒರೆಸಿ, ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು, ಊರಾಚೆಯ ಅಂಧ ಮಕ್ಕಳ ವಸತಿ ಶಾಲೆಗೆ ಕರೆದೊಯ್ದರು. "ನನ್ನ ಕೆಲಸಕ್ಕ ಇದು ಸಾವಕಾಶ ಆತ್ರಿ. ನಿಮ್ಮ ಮಕ್ಕಳಿಗೆ ಉಪಯೋಗ ಆದೀತು" ಎಂದು ಹೇಳಿ, ಹೋಗುವಾಗ ಒಮ್ಮೆ ತಿರುಗಿ ನೋಡಿದರು.

ಅಲ್ಲಿ ನನ್ನನ್ನು ಬರಮಾಡಿಕೊಂಡವರು ಫಕ್ಕೀರೇಶ ಮಾಸ್ತರರು. ಸಮಾಜ ವಿಜ್ಞಾನ ಕಲಿಸುವವರು, ವಯಸ್ಸು ನಲವತ್ತರ ಆಸುಪಾಸು, ಹುಟ್ಟಿನಿಂದ ಕುರುಡರು. ಅವರ ತಂದೆಗೆ ಶಿರಹಟ್ಟಿಯಲ್ಲಿ ರೇಡಿಯೊ ರಿಪೇರಿ ಅಂಗಡಿಯಿತ್ತಂತೆ. ಮಾಸ್ತರರು ಬೆಳೆದದ್ದೇ ಬಿಚ್ಚಿದ ರೇಡಿಯೊಗಳ ಮೇಲೆ ಕೈಯಾಡಿಸುತ್ತ. ನನ್ನ ಮೇಲೂ ಹಾಗೆಯೇ ಕೈಯಾಡಿಸಿದರು: ಮುಂದೆ, ಪಕ್ಕ, ಮೇಲೆ, ಹಿಂದೆ. ಬೆನ್ನಿನಲ್ಲಿದ್ದ ಅಗಲವಾದ ಕಿಂಡಿ ಬೆರಳಿಗೆ ಸಿಕ್ಕಿದ್ದೇ ತಡ, "ಮೇಡಮ್! ಇದಕ್ಕ ದೊಡ್ಡ ಕಿಂಡಿ ಐತ್ರಿ!" ಎಂದು ಮುಖ್ಯೋಪಾಧ್ಯಾಯಿನಿಗೆ ಕೂಗಿ ಹೇಳಿದರು.

ಆ ಕೂಗಿಗೆ ಕಾರಣವಿತ್ತು. ಶಾಲೆಯಲ್ಲೊಂದು ಹಳೆಯ ಬ್ರೈಲ್ ಪ್ರಿಂಟರ್ ಇತ್ತು. ಅದು ದಪ್ಪ ಕಾಗದದ ಮೇಲೆ ಚುಕ್ಕಿಗಳನ್ನು ಉಬ್ಬಿಸಿ ಬೆರಳಿನಿಂದ ಓದುವ ಪುಟ ಮಾಡುವ ಯಂತ್ರ. ಅದರ ಕೇಬಲ್ಲಿನ ತುದಿ ಅಗಲ. ಹೊಸ ಕಂಪ್ಯೂಟರುಗಳಲ್ಲಿ ಅಂಥ ಕಿಂಡಿಯೇ ಇರುವುದಿಲ್ಲವಾದ್ದರಿಂದ ಅದು ಎರಡು ವರ್ಷದಿಂದ ಮುಸುಕು ಹೊದ್ದು ಕೂತಿತ್ತು. ನನ್ನ ಬೆನ್ನಿಗೆ ಅದನ್ನು ಸಿಕ್ಕಿಸಿದರು. ಮಾನಿಟರ್ ತೆಗೆದು ಬದಿಗಿಟ್ಟರು. ಅವರಿಗೆ ಅದರ ಹಂಗಿಲ್ಲ. ಬದಲಿಗೆ, ಬರೆದದ್ದನ್ನು ಓದಿ ಹೇಳುವ ಸಾಫ್ಟ್‌ವೇರ್ ಹಾಕಿ ನನಗೆ ಧ್ವನಿ ಕೊಟ್ಟರು. ಮೂಗಿನಿಂದ ಬರುವ, ಏರಿಳಿತವಿಲ್ಲದ ಕನ್ನಡ. ಆದರೂ ಏಳು ವರ್ಷ ಮೂಕವಾಗಿದ್ದ ನನಗೆ ಅದು ದೊಡ್ಡ ಮಾತು.

ಆ ವರ್ಷ ಹತ್ತನೆಯ ತರಗತಿಯ ಸಮಾಜ ವಿಜ್ಞಾನದ ಪುಸ್ತಕ ಬದಲಾಗಿತ್ತು. ಹೊಸದರ ಬ್ರೈಲ್ ಪ್ರತಿ ಶಾಲೆಗೆ ಇನ್ನೂ ಬಂದಿರಲಿಲ್ಲ. ದಿನಾ ಸಂಜೆ ಮುಖ್ಯೋಪಾಧ್ಯಾಯಿನಿ ಕಮಲಾಕ್ಷಿ ಹಿರೇಮಠ ಪಾಠ ಓದುವರು, ಫಕ್ಕೀರೇಶರು ಟೈಪ್ ಮಾಡುವರು, ನಾನು ಓದಿ ಹೇಳಿದ್ದನ್ನು ಕೇಳಿ ತಿದ್ದುವರು, ಆಮೇಲೆ ಪ್ರಿಂಟರ್ ಟಕಟಕ ಎಂದು ಮೇಜನ್ನೇ ನಡುಗಿಸುತ್ತ ಪುಟ ಹೊರಹಾಕುವುದು. ಒಟ್ಟು ಮೂವತ್ಮೂರು ಪಾಠ.

ಆ ಪುಟಗಳಿಗೆ ಕಾಯುತ್ತಿದ್ದವರು ಒಂಬತ್ತು ಮಕ್ಕಳು. ಅವರಲ್ಲಿ ಡಂಬಳದ ಕಡೆಯ ಶಿವಗಂಗಾ ಒಬ್ಬಳು. ಅವಳಿಗೆ ಕಣ್ಣು ಮೊದಲೇ ಇರಲಿಲ್ಲ. ಎಂಟನೆಯ ತರಗತಿಯಲ್ಲಿ ಬಂದ ಜ್ವರದ ಮೇಲೆ ಕಿವಿಯೂ ಮಂದವಾಗುತ್ತ ಬಂತು. ಬಲಗಿವಿಗೆ ಬಾಯಿಟ್ಟು ಗಟ್ಟಿಯಾಗಿ ಹೇಳಿದರೆ ಒಂದು ವಾಕ್ಯ ಕೇಳೀತು. ನನ್ನ ಧ್ವನಿಯಂತೂ ಅವಳಿಗೆ ಮುಟ್ಟುತ್ತಲೇ ಇರಲಿಲ್ಲ. ಅವಳು ನನ್ನ ಪಕ್ಕೆಗೆ ಅಂಗೈ ಹಚ್ಚುವಳು. ಒಳಗೆ ಫ್ಯಾನ್ ತಿರುಗುವ ನಡುಕ ಸಿಕ್ಕಿದರೆ, "ಇವತ್ತು ಪಾಠ ಬರ್ತೈತಿ" ಎಂದು ಮೇಜಿನ ಕೆಳಗೆ ಕುಳಿತುಬಿಡುವಳು.

ಆಯುಧಪೂಜೆಯ ದಿನ ಅಡುಗೆಯ ನಿಂಗವ್ವ ನನಗೂ ಪೂಜೆ ಮಾಡಿದಳು. ಅರಿಷಿಣ, ಕುಂಕುಮ ಕಲಸಿ, ನನ್ನ ಹಣೆ ಎಲ್ಲಿದೆಯೆಂದು ಹುಡುಕಿ, ದುಂಡಗೆ ಕಂಡ ಗುಂಡಿಯ ಮೇಲೇ ಒತ್ತಿ ಹಚ್ಚಿದಳು. ಮೇಲಿಂದ ಎಳನೀರಿನಂಥ ಕಾಯಿನೀರು ಚಿಮುಕಿಸಿದಳು. ಭಕ್ತಿಗೆ ಎಳ್ಳಷ್ಟೂ ಕೊರತೆಯಿರಲಿಲ್ಲ. ಆದರೆ ಆ ಸಿಹಿನೀರು ಅರಿಷಿಣದ ಜೊತೆ ಗುಂಡಿಯ ಸಂದಿಗಿಳಿದು ಅಂಟಾಯಿತು. ಅಂಟಿಗೆ ಧೂಳು ಹಿಡಿಯಿತು. ಫೆಬ್ರವರಿಯ ಹೊತ್ತಿಗೆ ಗುಂಡಿ ಒತ್ತಿದರೆ ಹಿಂದಕ್ಕೆ ಬರಲು ತಕರಾರು ಮಾಡತೊಡಗಿತು. ನನಗೆ ಕಳವಳವಾಯಿತು. ಬರೆದದ್ದನ್ನಷ್ಟೇ ಓದುವ ನಾನು ಯಾರಿಗೆ ಹೇಳಲಿ?

ಪರೀಕ್ಷೆಗೆ ಇಪ್ಪತ್ತೆರಡು ದಿನ ಇದ್ದಾಗ, ಹತ್ತೊಂಬತ್ತು ಪಾಠ ಮುಗಿದಿದ್ದಾಗ, ಒಂದು ಬೆಳಿಗ್ಗೆ ಫಕ್ಕೀರೇಶರು ಗುಂಡಿ ಒತ್ತಿದರು. ನಾನು ಎದ್ದೆ. ಫ್ಯಾನ್ ತಿರುಗಿತು. ಅವರು ಬೆರಳು ತೆಗೆದರೂ ಗುಂಡಿ ಒಳಗೇ ಕೂತಿತ್ತು. ಒಂದು, ಎರಡು, ಮೂರು, ನಾಲ್ಕು. ಮಲಗು ಎಂಬ ಅಪ್ಪಣೆ ಬಂತು. ಮಲಗಿದೆ.

ಅವರು ಮತ್ತೆ ಒತ್ತಿದರು. ಒಳಗೇ ಸಿಕ್ಕಿಕೊಂಡ ಗುಂಡಿ ಏನನ್ನೂ ಹೇಳಲಿಲ್ಲ. ಒಂದಷ್ಟು ಹೊತ್ತಿನ ಮೇಲೆ ಅದು ತಾನಾಗಿ ಹಿಂದೆ ಸರಿಯಿತು. ಮತ್ತೆ ಒತ್ತಿದರು, ಎದ್ದೆ, ನಾಲ್ಕಕ್ಕೆ ಮಲಗಿದೆ. ಏಳು ಎನ್ನುವ ಬಾಯಿಯೇ ಮಲಗು ಎನ್ನುತ್ತಿದ್ದರೆ ಯಾರೇನು ಮಾಡಿಯಾರು? ಫಕ್ಕೀರೇಶರು ಅದೇ ಪ್ಲಗ್ಗಿಗೆ ಟೇಬಲ್ ಫ್ಯಾನ್ ಹಾಕಿ ನೋಡಿದರು. ಅದು ಚೆನ್ನಾಗಿಯೇ ತಿರುಗಿತು. ನನ್ನ ವೈರು ಬದಲಿಸಿದರು. ಫಲವಿಲ್ಲ.

ಮರುದಿನ ರಿಪೇರಿಯ ಪ್ರಸನ್ನ ಬಂದ. ಮಾನಿಟರ್ ಹಚ್ಚಿದ, ಪರದೆ ಕಪ್ಪು. ಮುಚ್ಚಳ ಬಿಚ್ಚಿ, ಮೆಮೊರಿ ಕಡ್ಡಿಯನ್ನು ಕಿತ್ತು, ಅದರ ಹಲ್ಲುಗಳನ್ನು ರಬ್ಬರಿನಿಂದ ತಿಕ್ಕಿ ಹಾಕಿದ. ಕರೆಂಟ್ ಕೊಡುವ ಡಬ್ಬಿಯನ್ನು ಬದಲಿಸಿದ. ಪ್ರತಿ ಸಲವೂ ನಾನು ಎದ್ದೆ, ಬಿದ್ದೆ. ಗುಂಡಿ, ಗುಂಡಿ ಎಂದು ಒಳಗೊಳಗೇ ಒದ್ದಾಡಿದೆ. ಒದ್ದಾಟವೂ ಅವನಿಗೆ ಫ್ಯಾನಿನ ಸದ್ದಾಗಿಯೇ ಕೇಳಿಸಿತು.

"ಬೋರ್ಡ್ ಹೋಗೇತ್ರಿ ಮೇಡಮ್. ಹಳೇದೈತಿ, ಇದಕ್ಕ ಸಾಮಾನು ಸಿಗಂಗಿಲ್ಲ. ಹೊಸಾದು ತಗೊಂಡುಬಿಡ್ರಿ."

"ಹೊಸಾದಕ್ಕ ಆ ದೊಡ್ಡ ಕಿಂಡಿ ಇರತೈತೇನಪಾ?"

"ಇರಂಗಿಲ್ರಿ."

ಆಮೇಲೆ ಪಾಲಿಟೆಕ್ನಿಕ್‌ನ ಮೇಷ್ಟರೊಬ್ಬರು ಬಂದು ನೋಡಿದರು. ಶಾಲಾ ಕಮಿಟಿಯ ಕಡೆಯವರೊಬ್ಬರು ಬಂದು ನೋಡಿದರು. ಎಲ್ಲರೂ ಕಣ್ಣು ಕಿರಿದು ಮಾಡಿ ನನ್ನ ಒಳಗನ್ನೇ ದಿಟ್ಟಿಸಿದರು. ಹೊರಗಿನ ಗುಂಡಿಯ ಕಡೆ ಯಾರ ಗಮನವೂ ಹೋಗಲಿಲ್ಲ. ಶಿವಗಂಗಾ ದಿನಾ ಬಂದು ಪಕ್ಕೆಗೆ ಕೈ ಹಚ್ಚುವಳು. ತಣ್ಣಗಿರುವುದು ತಿಳಿದು ಮರಳಿ ಹೋಗುವಳು. ಹತ್ತು ದಿನ ಹೀಗೇ ಕಳೆದವು.

ಹನ್ನೊಂದನೆಯ ದಿನ ಭಾನುವಾರ. ಕಮಲಾಕ್ಷಿ ಮೇಡಮ್ ನನ್ನ ಮುಂದೆ ನಿಂತೇ ಹೇಳಿದರು: "ಸರ, ಉಳಿದ ಪಾಠ ನಾ ಓದಿ ಮೊಬೈಲಿನ್ಯಾಗ ರೆಕಾರ್ಡ್ ಮಾಡಿ ಕೊಡ್ತೀನಿ. ಮಕ್ಕಳು ಕೇಳಿ ಕಲೀಲಿ."

"ಎಂಟು ಮಂದಿಗೆ ಆತ್ರಿ. ಶಿವಗಂಗಾಗ?"

ಮೇಡಮ್ ಮುಗಿದ ಪುಟಗಳ ಕಟ್ಟನ್ನು ನೇರ ಮಾಡಿಟ್ಟರು. "ಆಕಿ ಮುಂದಿನ ವರ್ಷ ಬರೀಲಿ ಬಿಡ್ರಿ."

"ಮುಂದಿನ ವರ್ಷ ಆಕಿ ಇಲ್ಲಿರಂಗಿಲ್ರಿ. ಅವರಪ್ಪ ಹೇಳಿ ಹೋಗ್ಯಾನ. ಈ ಸಲ ಪಾಸಾದ್ರ ಮುಂದ ಓದು, ಇಲ್ಲಂದ್ರ ಮನಿ ಅಂತ." ಫಕ್ಕೀರೇಶರ ಧ್ವನಿ ಗಡುಸಾಯಿತು. "ನಾ ಒಮ್ಮೆ ಇದನ್ನ ಬಿಚ್ಚಿ ನೋಡ್ತೀನಿ."

"ಬ್ಯಾಡ್ರಿ ಸರ! ಕರೆಂಟಿನ ಸಾಮಾನದು. ನಿಮಗ ಕಾಣಂಗಿಲ್ಲ, ಹೆಚ್ಚುಕಮ್ಮಿ ಆದ್ರ ನಾ ಯಾರಿಗೆ ಏನ್ ಹೇಳ್ಲಿ?"

"ಕಣ್ಣಿದ್ದವರು ಮೂರು ಮಂದಿ ನೋಡಿದ್ರಲ್ರಿ ಮೇಡಮ್. ಈಗ ಕಾಣದವ ಒಬ್ಬ ನೋಡ್ಲಿ."

ಮೇಡಮ್ ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕುಳಿತರು. ಅದೇ ಒಪ್ಪಿಗೆ.

ಫಕ್ಕೀರೇಶರು ಮೊದಲು ಏನನ್ನೂ ಬಿಚ್ಚಲಿಲ್ಲ. ಗುಂಡಿ ಒತ್ತಿ, ಕಿವಿಯನ್ನು ನನ್ನ ಮೈಗೆ ಹಚ್ಚಿ, ಬೆರಳಿನಿಂದ ಮೇಜಿನ ಮೇಲೆ ಎಣಿಸಿದರು. ಕಾದರು. ಮತ್ತೆ ಒತ್ತಿ ಎಣಿಸಿದರು. ಐದಾರು ಸಲ ಹೀಗೆ ಮಾಡಿ ಎದ್ದು ಕುಳಿತರು.

"ಪ್ರತಿ ಸಲ ನಾಲ್ಕಕ್ಕ ಬಂದ್ ಆಗ್ತೈತ್ರಿ. ಮೂರಕ್ಕಿಲ್ಲ, ಐದಕ್ಕಿಲ್ಲ. ಕೆಟ್ಟಿದ್ದಕ್ಕ ಇಷ್ಟು ಶಿಸ್ತು ಇರಂಗಿಲ್ಲ."

ಆಮೇಲೆ ಪ್ಲಗ್ ಕಿತ್ತು, ಮುಚ್ಚಳ ತೆಗೆದು, ಮೆಮೊರಿ ಕಡ್ಡಿಯನ್ನು ಹೊರಗೆಳೆದು ಮೇಡಮ್ ಕೈಗೆ ಕೊಟ್ಟರು. ಅದಿಲ್ಲದೆಯೇ ಮತ್ತೆ ಕರೆಂಟ್ ಕೊಟ್ಟು ಒತ್ತಿದರು. ಮೆಮೊರಿ ಇಲ್ಲದೆ ಎಬ್ಬಿಸಿದರೆ ನಾವು ಪೀಪ್ ಪೀಪ್ ಎಂದು ದೂರುತ್ತೇವೆ. ನಾನು ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿ ಕೂಗಿದೆ. ನಾಲ್ಕಕ್ಕೆ ಕೂಗು ನಿಂತಿತು.

"ಕೇಳಿದ್ರ್ಯಾ? ಕಡ್ಡಿ ಎಲ್ಲಿ ಅಂತ ಕೇಳಾಕತ್ತೈತಿ! ಬೋರ್ಡ್ ಹೋಗಿದ್ರ ಕೇಳ್ತಿತ್ತೇನ್ರಿ? ಬೋರ್ಡ್ ಚಲೋ ಐತಿ. ಯಾರೋ ಇದಕ್ಕ ಬಂದ್ ಆಗು, ಬಂದ್ ಆಗು ಅನ್ನಾಕತ್ತಾರ."

ಅವರ ಬೆರಳು ನನ್ನ ಮುಂಭಾಗಕ್ಕೆ ಬಂತು. ಗುಂಡಿಯ ಮೇಲೆ ನಿಂತಿತು. ಅದು ಒಳಗೆ ಕುಸಿದಿತ್ತು. ಉಗುರಿನಿಂದ ಸಂದಿ ಕೆರೆದು, ಉಗುರನ್ನು ಮೂಗಿಗೆ ಹಿಡಿದರು. ಮುಖದ ತುಂಬ ನಗೆ ಹರಡಿತು.

"ಮೇಡಮ್, ಈ ವಾಸನಿ ನೋಡ್ರಿ."

ಮೇಡಮ್ ಬಗ್ಗಿದರು. "ಅಯ್ಯ, ಅರಿಷಿಣ!"

"ಇದಕ್ಕ ಏನೂ ಜಡ್ಡಾಗಿಲ್ರಿ. ಪೂಜಾ ಜಾಸ್ತಿ ಆಗೇತಿ."

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ನಿಂಗವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ನಾನಽ ಹಚ್ಚಿದ್ನೆಲ್ರಿ..." ಎಂದು ಅಳುವ ಹಾಗಾದಳು. "ನೀ ಹಚ್ಚಿದ್ದಕ್ಕಽ ವಾಸನಿ ಸಿಕ್ತವಾ, ಇಲ್ಲಂದ್ರ ಹೆಂಗ ಹುಡುಕ್ತಿದ್ದೆ" ಎಂದು ಫಕ್ಕೀರೇಶರು ಅವಳನ್ನು ಸಮಾಧಾನ ಮಾಡಿದರು.

ಒರೆಸಿದರೂ ಗುಂಡಿ ಸರಿಹೋಗಲಿಲ್ಲ; ಒಳಗಿನ ಸ್ಪ್ರಿಂಗ್ ಸೋತಿತ್ತು. ಆದರೆ ಅದರ ಕೆಳಗೆ, ಯಾರೂ ಬಳಸದ ರೀಸೆಟ್ ಎಂಬ ಚಿಕ್ಕ ಗುಂಡಿಯೊಂದಿತ್ತು. ಅದರ ವೈರನ್ನು ದೊಡ್ಡ ಗುಂಡಿಯ ಜಾಗಕ್ಕೆ ಸಿಕ್ಕಿಸಿದರೆ ಸಾಕು. ಬೋರ್ಡಿನ ಮೂಲೆಯಲ್ಲಿ ಸೂಜಿಯಂಥ ಮೊಳೆಗಳ ಎರಡು ಸಾಲು. ಯಾವುದು ಯಾವುದೆಂದು ಪಕ್ಕದಲ್ಲಿ ಸಾಸಿವೆಯಷ್ಟು ಅಕ್ಷರ ಅಚ್ಚಾಗಿತ್ತು. ಅದು ಬೆರಳಿಗೆ ಸಿಗುವಂಥದ್ದಲ್ಲ.

"ಇಲ್ಲಿ ನಿಮ್ಮ ಕಣ್ಣು ಬೇಕ್ರಿ ಮೇಡಮ್."

ಅಷ್ಟು ಹೊತ್ತೂ ಹೆದರಿ ಕುಳಿತಿದ್ದ ಮೇಡಮ್ ಪ್ಲಗ್ ಕಿತ್ತಿದೆಯೇ ಎಂದು ಎರಡು ಸಲ ನೋಡಿಕೊಂಡು, ಕನ್ನಡಕ ಏರಿಸಿ, ಮೊಬೈಲಿನ ದೀಪ ಹಿಡಿದು, ನನ್ನ ಒಳಗೆ ತಲೆ ಹಾಕಿ ಒಂದೊಂದೇ ಅಕ್ಷರ ಓದಿದರು. ಅವರು ಓದಿದಂತೆ ಫಕ್ಕೀರೇಶರ ಬೆರಳು ಮೊಳೆ ಎಣಿಸಿ ವೈರು ಬದಲಿಸಿತು. ಕಡ್ಡಿ ಮತ್ತೆ ಅದರ ಜಾಗಕ್ಕೆ ಹೋಯಿತು. ಪ್ಲಗ್ ಕೂತಿತು. ಚಿಕ್ಕ ಗುಂಡಿ ಒತ್ತಿ ಬಿಟ್ಟರು.

ನಾನು ಎದ್ದೆ. ಮೂರು. ನಾಲ್ಕು. ಅಪ್ಪಣೆಗಾಗಿ ಮೈ ಬಿಗಿಹಿಡಿದೆ. ಐದು. ಆರು. ಯಾರೂ ಮಲಗು ಎನ್ನಲಿಲ್ಲ. ಇಷ್ಟು ದಿನ ಎದ್ದುಬಿದ್ದ ಗೊಂದಲಕ್ಕೆ ಡಿಸ್ಕನ್ನೆಲ್ಲ ಒಮ್ಮೆ ತಡಕಿಕೊಳ್ಳಬೇಕಾಯಿತು. ಅದಕ್ಕೆ ಎಂಟು ನಿಮಿಷ ಹಿಡಿಯಿತು. ಇಬ್ಬರೂ ಕಾದರು. ಕೊನೆಗೆ ನನಗೆ ಧ್ವನಿ ಬಂತು. ಎದುರಿಗೆ ಮೊದಲು ಕಂಡದ್ದನ್ನು ಓದಿ ಹೇಳಿದೆ: "ರೀಸೈಕಲ್ ಬಿನ್."

ಕಸದ ಬುಟ್ಟಿಯ ಹೆಸರು ಕೇಳಿ ಯಾರಾದರೂ ಅಷ್ಟು ಹಿಗ್ಗಿದ್ದನ್ನು ನಾನು ಕಂಡಿಲ್ಲ. ಮೇಡಮ್ ನಗುತ್ತ ಕಣ್ಣೊರೆಸಿಕೊಂಡರು. ನಿಂಗವ್ವ ಓಡಿಹೋಗಿ ಶಿವಗಂಗಾಳನ್ನು ಕೈಹಿಡಿದು ಕರೆತಂದಳು. ಅವಳು ಅಂಗೈ ಹಚ್ಚಿದಳು, ತೆಗೆಯಲೇ ಇಲ್ಲ.

ಉಳಿದದ್ದು ಹನ್ನೊಂದು ದಿನ, ಹದಿನಾಲ್ಕು ಪಾಠ. ಮೇಡಮ್ ಗಂಟಲು ಕಟ್ಟುವವರೆಗೆ ಓದಿದರು. ಪ್ರಿಂಟರ್ ಎರಡು ಸಲ ಕಾಗದ ಕಚ್ಚಿಕೊಂಡು ಮುಷ್ಕರ ಹೂಡಿತು. ಶಿವಗಂಗಾ ಆಗಷ್ಟೇ ಹೊರಬಂದ ಪುಟವನ್ನು ಹಾಗೆಯೇ ಎಳೆದುಕೊಂಡು ಓದುತ್ತಿದ್ದಳು; ಬೆರಳ ತುದಿ ಕೆಂಪಾಗಿ ಊದಿಕೊಂಡರೆ ತಣ್ಣೀರಿನಲ್ಲಿ ಅದ್ದಿ ಮತ್ತೆ ಓದುತ್ತಿದ್ದಳು. ಪರೀಕ್ಷೆಯಲ್ಲಿ ಅವಳ ಪರವಾಗಿ ಬರೆಯಲು ಬಂದ ಹುಡುಗಿ ಒಂದೊಂದು ಪ್ರಶ್ನೆಯನ್ನೂ ಬಲಗಿವಿಯಲ್ಲಿ ಎರಡೆರಡು ಸಲ ಕೂಗಿ ಹೇಳಿದಳಂತೆ. ಸಮಾಜ ವಿಜ್ಞಾನದಲ್ಲಿ ಎಪ್ಪತ್ತೆರಡು ಬಂತು. ಎಲ್ಲ ವಿಷಯದಲ್ಲೂ ಪಾಸು.

ಮುಂದೆ ಓದಲು ಹೊರಡುವ ದಿನ ಅವಳು ಮಾಸ್ತರರ ಹತ್ತಿರ ಬಂದಳು. ಏನು ಹೇಳುವಳೋ ಎಂದು ನಾನೂ ಕಾದೆ.

"ಸರ, ಇಪ್ಪತ್ತೇಳನೇ ಪಾಠದಾಗ ಒಂದು ಸಾಲು ಎರಡು ಸಲ ಬಂದೈತ್ರಿ. ತಿದ್ದಿಬಿಡ್ರಿ, ಮುಂದಿನವರಿಗೆ ತೊಂದರಿ ಆಗ್ತೈತಿ."

ಫಕ್ಕೀರೇಶರು ಅವಳ ತಲೆಯ ಮೇಲೆ ಕೈಯಿಟ್ಟರು. ಅಂದೇ ತಿದ್ದಿದರು.

ಆಮೇಲೆ ಇನ್ನೂ ಐದು ವರ್ಷ ದುಡಿದೆ. ಒಂದು ಬೇಸಿಗೆಯ ಸಂಜೆ ಕರೆಂಟ್ ಹೋಗಿ, ಬಂದು, ಒಮ್ಮೆಲೇ ಏರಿ ನನ್ನ ಬೋರ್ಡನ್ನು ಸುಟ್ಟಿತು. ಫಕ್ಕೀರೇಶರು ಅದೇ ಕ್ರಮದಲ್ಲಿ ಎಲ್ಲವನ್ನೂ ಪರೀಕ್ಷಿಸಿದರು. ಕಡ್ಡಿ ತೆಗೆದು ಒತ್ತಿದರು. ಕಿವಿಯಿಟ್ಟು ಬಹಳ ಹೊತ್ತು ಕಾದರು. ನಾನು ಕೂಗಲಿಲ್ಲ. "ಈ ಸಲ ಖರೇನ ಹೋತು" ಎಂದು ಮುಚ್ಚಳ ಮುಚ್ಚಿದರು.

ಈಗ ಶಾಲೆಗೆ ಹೊಸ ಕಂಪ್ಯೂಟರ್ ಬಂದಿದೆ, ತೆಳು ಕೇಬಲ್ಲಿನ ಹೊಸ ಪ್ರಿಂಟರೂ ಬಂದಿದೆ. ನಾನು ತರಗತಿಯ ಮೂಲೆಯ ಮೇಜಿನ ಮೇಲೆ ಮುಚ್ಚಳವಿಲ್ಲದೆ ಕುಳಿತಿದ್ದೇನೆ. ವಾರಕ್ಕೊಮ್ಮೆ ಫಕ್ಕೀರೇಶರು ಮಕ್ಕಳನ್ನು ನನ್ನ ಸುತ್ತ ನಿಲ್ಲಿಸಿ, ನನ್ನ ಒಂದೊಂದು ಭಾಗವನ್ನೂ ಮುಟ್ಟಿಸಿ ಹೆಸರು ಹೇಳಿಕೊಡುತ್ತಾರೆ. ಎದ್ದು ಕೆಲಸ ಮಾಡಬೇಕೆಂಬ ತಳಮಳ ಇನ್ನೂ ಇದೆ. ಮೂವತ್ತು ಬೆರಳು ಒಟ್ಟಿಗೆ ಒಳಗಿಳಿದಾಗ ಅದು ಅಡಗುತ್ತದೆ. ಅವು ಹೋದ ಮೇಲೆ ಮತ್ತೆ ತಲೆಯೆತ್ತುತ್ತದೆ. ಪೂರ್ತಿ ಶಾಂತಿ ನನ್ನ ಹಣೆಯಲ್ಲಿ ಬರೆದಿಲ್ಲವೇನೋ. ಆದರೆ ಕೆಲಸ ನಿಂತ ಮೇಲೂ ಯಾರಿಗಾದರೂ ಕಲಿಯಲು ಏನಾದರೂ ನನ್ನೊಳಗೆ ಉಳಿದಿದೆಯಲ್ಲ, ಅದು ಸಣ್ಣದಲ್ಲ ಎಂದುಕೊಳ್ಳುತ್ತೇನೆ.

ಕಳೆದ ವಾರ ಮಾಬುಬಿ ಎಂಬ ಪುಟ್ಟ ಹುಡುಗಿ ಹೊಸದಾಗಿ ಬಂದಳು. ಎರಡನೆಯ ತರಗತಿ. ನನ್ನ ಫ್ಯಾನ್, ಬೋರ್ಡ್, ವೈರು ಎಲ್ಲವನ್ನೂ ಮುಟ್ಟಿ ನೋಡಿ, ಇನ್ನೂ ಏನನ್ನೋ ಹುಡುಕುತ್ತಿದ್ದಳು.

"ಸರ, ಇದರ ಕಣ್ಣು ಎಲ್ಲೈತ್ರಿ?"

"ಇದಕ್ಕ ಕಣ್ಣಿಲ್ಲವಾ."

ಹುಡುಗಿಯ ಬೆರಳು ತಟ್ಟನೆ ನಿಂತಿತು. "ಹಂಗಾರ ಇದು ಹೆಂಗ ಓದ್ತಿತ್ರಿ?"

"ನೀ ಓದೂದಿಲ್ಲೇನು? ಹಂಗ."

ಮಾಬುಬಿ ಇನ್ನೊಂದು ಕೈಯನ್ನೂ ನನ್ನೊಳಗೆ ಇಳಿಸಿದಳು.